ಎದೆ ನಡುಗಿದರೆ ಈಮಾನ್ ಕುಂದಿತೆಂದೇ?

ನಮ್ಮ ಹೂವಿನ ಹಿಪ್ಪರಗಿಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಮೈ ಬೆವತು, ಕೈಕಾಲು ಜೋಮು ಹಿಡಿದು, "ನಾ ಇನ್ನ ಉಳಿಯೂದಿಲ್ಲ" ಎಂದು ಕುಸಿದು ಕುಳಿತರೆ ಮೂರು ಮಾತುಗಳು ಕೇಳಿಬರುತ್ತವೆ. ದವಾಖಾನೆಯಲ್ಲಿ, "ಏನೂ ಇಲ್ಲ, ಗ್ಯಾಸ್ ಆಗೇತಿ." ಓಣಿಯಲ್ಲಿ, "ಯಾರದೋ ಅಸರ್ ಆಗೇತಿ, ತೋರಿಸ್ಕೊಂಡು ಬರ್ರಿ." ಮಸೀದಿಯ ಕಟ್ಟೆಯ ಮೇಲೆ, "ಐದು ಹೊತ್ತು ನಮಾಝ್ ಸರಿಯಾಗಿ ಮಾಡಿದ್ರ ಹಿಂಗ್ಯಾಕ ಆಗ್ತಿತ್ತು?" ಮೊದಲನೆಯದು ಅಸಡ್ಡೆ, ಎರಡನೆಯದು ವ್ಯಾಪಾರ, ಮೂರನೆಯದು ಕ್ರೌರ್ಯ. ಮೂರೂ ಸೇರಿ ನಮ್ಮ ಜನರನ್ನು ಕತ್ತಲೆ ಕೋಣೆಗೆ ತಳ್ಳುತ್ತಿವೆ.

ಇದನ್ನು ನಾವು ದೂರದಲ್ಲಿ ನಿಂತು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಬಸವನ ಬಾಗೇವಾಡಿಯಿಂದ ಊರಿಗೆ ಬರುವ ಬಸ್ಸಿನಲ್ಲಿ ನಮಗೇ ಹೀಗಾಯಿತು. ಬಸ್ಸು ನಿಲ್ಲಿಸಿ ಇಳಿದು ಎರೆಹೊಲದ ಬದುವಿನ ಮೇಲೆ ಕುಳಿತು, ಇದೇ ಸಾವೆಂದು ತಿಳಿದು ಕಲಿಮಾ ಹೇಳಿಕೊಂಡೆವು. ಕಾಲು ಗಂಟೆಯಲ್ಲಿ ಎಲ್ಲ ಶಾಂತವಾಯಿತು. ಆಮೇಲೆ ಮೂರು ಸಲ ಇಸಿಜಿ ತೆಗೆಸಿದೆವು. ಪ್ರತಿ ಸಲವೂ ಗ್ಲೂಕೋಸ್ ಏರಿಸಿ "ಏನೂ ಇಲ್ಲ" ಎಂದು ಕಳಿಸಿದರು. ನೆಂಟರೊಬ್ಬರು ಆಮಿಲ್ ಒಬ್ಬರ ಬಳಿ ಕರೆದೊಯ್ದರು. ಐದೇ ನಿಮಿಷದಲ್ಲಿ ಅವರು ಜಿನ್ನಿನ ಊರು, ಕುಲ ಎಲ್ಲ ಹೇಳಿ ತಾಯಿತ ಕಟ್ಟಿದರು. ಮೂರನೆಯ ದಿನ ಗಾಬರಿ ಮತ್ತೆ ಬಂತು. ಜಿನ್ ಬಲಶಾಲಿ, ಇನ್ನೂ ದೊಡ್ಡ ತಾಯಿತ ಬೇಕು ಎಂದರು.

ಅಷ್ಟರಲ್ಲಿ ನಮ್ಮ ಬದುಕು ಸಣ್ಣದಾಗುತ್ತ ಹೋಗಿತ್ತು. ಬಸ್ಸು ಹತ್ತುವುದು ಬಿಟ್ಟೆವು. ಮದುವೆ ಮನೆಗಳಿಗೆ ನೆಪ ಹೇಳಿದೆವು. ಜುಮಾದ ದಿನ ಕೊನೆಯ ಸಫ್‌ನಲ್ಲಿ, ಚಪ್ಪಲಿ ಬಿಡುವ ಬಾಗಿಲ ಪಕ್ಕದಲ್ಲಿ ನಿಲ್ಲತೊಡಗಿದೆವು. ಓಡಿಹೋಗಲು ದಾರಿ ಬೇಕಲ್ಲ!

ಉರ್ದುವಿನಲ್ಲಿ ಘಬ್ರಾಹಟ್, ಕನ್ನಡದಲ್ಲಿ ಗಾಬರಿ. ಎರಡು ಶಾಲೆಯಲ್ಲಿ ಕಲಿತ ನಮಗೆ ಎರಡೂ ಒಂದೇ ಮಾತೆಂದು ಗೊತ್ತಿತ್ತು. ಅದೊಂದು ಕಾಯಿಲೆಯ ಹೆಸರೂ ಆಗಬಹುದೆಂದು ಮಾತ್ರ ಗೊತ್ತಿರಲಿಲ್ಲ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಹಾವು ಕಂಡಾಗ ಓಡಲೆಂದು ಅಲ್ಲಾಹನು ನಮ್ಮ ದೇಹದಲ್ಲಿಟ್ಟ ಎಚ್ಚರಿಕೆಯ ಗಂಟೆ, ಹಾವಿಲ್ಲದಾಗಲೂ ಬಾರಿಸುವುದೇ ಈ ಕಾಯಿಲೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ನುಗ್ಗಿ ಎದೆಬಡಿತ ಏರುತ್ತದೆ. ಉಸಿರು ಜೋರಾಗಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ತಲೆ ಸುತ್ತುವುದು, ಬೆರಳು ಸೆಟೆಯುವುದು ಅದರಿಂದಲೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ತಾನಾಗಿಯೇ ಇಳಿಯುತ್ತದೆ. ಗಾಬರಿಯಿಂದ ಯಾರೂ ಅಲ್ಲೇ ಸಾಯುವುದಿಲ್ಲ. ಆದರೆ ಮತ್ತೆ ಬಂದೀತೆಂಬ ಭಯ ಮನುಷ್ಯನನ್ನು ಮನೆಯೊಳಗೆ ಕೂಡಿಹಾಕುತ್ತದೆ.

"ಹಾಗಾದರೆ ಜಿನ್ ಇಲ್ಲವೇ?" ಎಂದು ಕೆಲವರು ಕೆರಳಬಹುದು. ಜಿನ್ನುಗಳಿವೆ ಎಂದು ಕುರ್‌ಆನ್ ಹೇಳುತ್ತದೆ, ನಾವು ನಂಬುತ್ತೇವೆ. ಆದರೆ ಹೊಡೆದುಕೊಂಡ ಎದೆಗಳಲ್ಲೆಲ್ಲ ಜಿನ್ ಕುಳಿತಿದೆ ಎಂದು ಎಲ್ಲಿ ಹೇಳಿದೆ? ಗೈಬ್‌ನ ಜ್ಞಾನ ಅಲ್ಲಾಹನಿಗೆ ಮಾತ್ರ ಎಂದು ದಿನವೂ ಓದುವವರು, ಐದು ನಿಮಿಷದಲ್ಲಿ ಗೈಬ್ ಬಿಚ್ಚಿಡುವ ಆಮಿಲ್‌ಗೆ ಹಣ ಎಣಿಸಿ ಕೊಡುವುದು ಯಾವ ತೌಹೀದ್?

ಇನ್ನು ಈಮಾನ್ ಕುಂದಿದೆ ಎನ್ನುವವರಿಗೆ ಒಂದು ನೆನಪು. ಹಿರಾ ಗುಹೆಯಲ್ಲಿ ಮೊದಲ ವಹಿ ಬಂದ ದಿನ ಪ್ರವಾದಿವರ್ಯರು (ಸ) ನಡುಗುತ್ತ ಮನೆಗೆ ಬಂದು ತಮಗೆ ಹೊದಿಸಲು ಕೇಳಿದರು. ಆ ಮಹಾ ಘಟನೆಯನ್ನು ನಮ್ಮ ಕಾಯಿಲೆಗೆ ಹೋಲಿಸುವ ಉದ್ಧಟತನ ನಮಗಿಲ್ಲ. ನಾವು ನೋಡಬೇಕಾದುದು ಹಝ್ರತ್ ಖದೀಜಾ (ರ) ಅವರನ್ನು. ಅವರು ಗದರಲಿಲ್ಲ, ಸಂಶಯಪಡಲಿಲ್ಲ. ಹೊದಿಸಿದರು, ಒಳ್ಳೆಯ ಗುಣಗಳನ್ನು ನೆನಪಿಸಿ ಧೈರ್ಯ ಹೇಳಿದರು, ಆಮೇಲೆ ತಿಳಿದವರಾದ ವರಕಾ ಅವರ ಬಳಿ ಕರೆದೊಯ್ದರು. ನಡುಗುತ್ತಿರುವವರ ಜೊತೆ ನಡೆದುಕೊಳ್ಳುವ ರೀತಿಗೆ ಇದಕ್ಕಿಂತ ಪಾಠ ಬೇಕೆ? ನಮ್ಮ ಮನೆಗಳಲ್ಲಿ ನಡುಗುವ ಸೊಸೆಗೆ ಹೊದಿಸುವವರು ಯಾರು? "ನಾಟಕ ಮಾಡ್ತಾಳ" ಎಂಬುದೇ ಅವಳಿಗೆ ಸಿಗುವ ಹೊದಿಕೆ.

ಕಾಯಿಲೆ ಬಂದರೆ ಔಷಧ ಮಾಡಿರಿ ಎಂದವರೂ ಪ್ರವಾದಿವರ್ಯರೇ (ಸ). ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಲು ಕಲಿಸಿದವರೂ ಅವರೇ. ಅಬೂ ಝೈದ್ ಅಲ್ ಬಲ್ಖಿ (ಕ್ರಿ.ಶ. 850-934) ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆಯೇ ಗ್ರಂಥ ಬರೆದು, ಸಿಟ್ಟು, ದುಃಖ, ಭಯ, ವಸ್‌ವಸಾಗಳಿಗೆ ಪರಿಹಾರ ಚರ್ಚಿಸಿದರು. ಮನೆಯಲ್ಲಿ ಔಷಧ ಕೂಡಿಡುವಂತೆ, ಕಷ್ಟಕಾಲಕ್ಕೆಂದು ಧೈರ್ಯದ ಆಲೋಚನೆಗಳನ್ನು ಮೊದಲೇ ಕೂಡಿಡಬೇಕೆಂಬುದು ಅವರ ಸಲಹೆ. ಸಾವಿರ ವರ್ಷದ ಹಿಂದೆ ಅಲ್ಲಿದ್ದ ಸಮುದಾಯ ಇಂದು ತಾಯಿತದ ದಾರಕ್ಕೆ ಜೋತುಬಿದ್ದಿದೆ.

ಇದರ ಕೊನೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಮಿಳುನಾಡಿನ ಎರವಾಡಿ ತೋರಿಸಿತು. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ 28 ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಅವರ ಕಾಯಿಲೆಗಳು ಗಾಬರಿಗಿಂತ ದೊಡ್ಡವಿದ್ದಿರಬಹುದು. ಆದರೆ ಅವರನ್ನು ಅಲ್ಲಿಗೆ ಒಯ್ದ ನಂಬಿಕೆ ನಮ್ಮನ್ನು ಆಮಿಲ್ ಬಳಿ ಒಯ್ದ ನಂಬಿಕೆಯೇ. ಹಿಂದೂಗಳ ಮನೆಗಳಲ್ಲೂ ಗಾಳಿ ಸೋಂಕು, ಮಾಟ ಎಂಬ ಹೆಸರಿನಲ್ಲಿ ಇದೇ ನಡೆಯುತ್ತದೆ. ಆದರೆ ಪಕ್ಕದ ಮನೆಯ ಕಸ ತೋರಿಸಿ ನಮ್ಮ ಅಂಗಳ ಗುಡಿಸದೆ ಬಿಡುವುದು ಸರಿಯಲ್ಲ.

ದಾರಿ ಇಲ್ಲವೇ? ಇದೆ. 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ತಜ್ಞರು, ತರಬೇತಿ ಕೊಟ್ಟರೆ ಹಳ್ಳಿಯ ಸಾಮಾನ್ಯ ವೈದ್ಯರೂ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನೀಡಬಲ್ಲರೆಂದು ತೋರಿಸಿದರು. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆಯುಳ್ಳ 100 ಜನರಲ್ಲಿ 70ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯಿಲ್ಲದೆ ಇರುವುದು ಕಂಡುಬಂತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸೇವೆ ಬಂದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮೊದಲ ಸಲ ಎದೆನೋವು ಬಂದಾಗ ಹೃದಯ, ಥೈರಾಯಿಡ್, ರಕ್ತಹೀನತೆಗಳನ್ನು ಪರೀಕ್ಷಿಸಲೇಬೇಕು. ಅಲ್ಲೇನೂ ಸಿಗದಿದ್ದರೆ ವೈದ್ಯರ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ. ನಮಗೆ ಕೊನೆಗೆ ಸಿಕ್ಕ ಮನೋವೈದ್ಯರು ಕಾಯಿಲೆಯ ಹೆಸರು ಹೇಳಿದರು. ಅರ್ಧ ಭಾರ ಅಲ್ಲೇ ಇಳಿಯಿತು. ಕೆಲವು ತಿಂಗಳು ಮಾತ್ರೆ ಕೊಟ್ಟರು. ಮನಸ್ಸಿಗೆ ಬಂದಂತೆ ನಿಲ್ಲಿಸಬಾರದು, ಅಂಗಡಿಯಿಂದ ನಿದ್ದೆಗುಳಿಗೆ ತಂದು ನುಂಗುತ್ತ ಹೋಗಬಾರದು ಎಂದು ಎಚ್ಚರಿಸಿದರು. ಉಸಿರನ್ನು ನಿಧಾನವಾಗಿ ಬಿಡುವುದನ್ನು ಕಲಿಸಿದರು. ಗಾಬರಿ ಬಂದಾಗ ಓಡಬೇಡಿ, ಅಲ್ಲೇ ನಿಲ್ಲಿ, ಅದು ಬಂದ ಹಾಗೆ ಹೋಗುತ್ತದೆ ಎಂದರು. ಚಪ್ಪಲಿಯ ಪಕ್ಕದ ಸಫ್ ಸಂಗತಿ ಕೇಳಿ, "ಪ್ರತಿ ಜುಮಾಕ್ಕೆ ಒಂದೊಂದು ಸಾಲು ಮುಂದೆ ಹೋಗ್ರಿ" ಎಂದರು. ಹೋದೆವು. ಎರಡು ಸಲ ಗಾಬರಿಯೂ ಬಂತು. ನಿಂತೇ ಇದ್ದೆವು, ಅದೇ ಹೋಯಿತು. ಇಂದು ಇಮಾಮರ ಹಿಂದೆಯೇ ನಿಲ್ಲುತ್ತೇವೆ. ಈಗಲೂ ಅಪರೂಪಕ್ಕೆ ಎದೆ ಹಾರುತ್ತದೆ. ಹಾರಲಿ, ಅದರ ಹೆಸರು ನಮಗೆ ಗೊತ್ತು.

ನಮ್ಮ ಜಮಾತಿನ ಹಿರಿಯರನ್ನು ನಾವು ಕೇಳುವುದು ಇಷ್ಟೇ. ವರ್ಷಕ್ಕೊಂದು ಜುಮಾ ಖುತ್ಬಾ ಮನಸ್ಸಿನ ಕಾಯಿಲೆಗೆ ಮೀಸಲಾಗಲಿ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝಿನ ವೇಳೆಯ ಪಕ್ಕ 14416 ಎಂದೂ ಬರೆಯಲಿ. ದುಆ ಮಾಡುವವರು ದುಆ ಮಾಡಲಿ, ಹಣ ಕೇಳದಿರಲಿ, ದವಾಖಾನೆಗೆ ಹೋಗಬೇಡಿರೆನ್ನದಿರಲಿ. ಇಷ್ಟಕ್ಕೂ ಚಂದಾ ಎತ್ತಬೇಕಿಲ್ಲ. ಇಂದಿಗೂ ನಮ್ಮ ಮಸೀದಿಗಳ ಕೊನೆಯ ಸಫ್‌ನಲ್ಲಿ, ಬಾಗಿಲ ಪಕ್ಕ, ಯಾರೋ ಒಬ್ಬರು ನಿಂತಿದ್ದಾರೆ. ಅವರ ಈಮಾನ್ ಅಳೆಯುವ ಮೊದಲು ಹತ್ತಿರ ಹೋಗಿ, "ಏನಾಗ್ತದ?" ಎಂದು ಕೇಳಿ.