‘ವಯಸ್ಸಾಯ್ತು’ ಎಂದು ತಳ್ಳಿಹಾಕಬೇಡಿ

ಸಿರುಗುಪ್ಪದಲ್ಲಿರುವ ನನ್ನ ನಾನಾಗೆ ಅತ್ತರೆಂದರೆ ಪ್ರಾಣ. ಒಂದು ಈದ್ ದಿನ ಶೀಶೆಯನ್ನು ಮೂಗಿಗೆ ಹಿಡಿದು, “ಇದು ಡೂಪ್ಲಿಕೇಟ್, ವಾಸನೆಯೇ ಇಲ್ಲ” ಎಂದರು. ಮನೆಯೆಲ್ಲ ಘಮಘಮಿಸುತ್ತಿತ್ತು, ನಾವು ನಕ್ಕುಬಿಟ್ಟೆವು. ರಾತ್ರಿ ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಿದ್ದರು. ಕೆಟ್ಟ ಕನಸು ಎಂದೆವು. ಮಲಬದ್ಧತೆಗೆ ಬಾಳೆಹಣ್ಣು ಕೊಟ್ಟೆವು. ಮಾತು ಕಡಿಮೆಯಾದಾಗ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾದೆವು. ವರ್ಷಗಳ ನಂತರ ಬಲಗೈ ನಡುಗತೊಡಗಿದಾಗಲೇ ಡಾಕ್ಟರ ಬಳಿ ಹೋದದ್ದು. ಅವರು ಹೇಳಿದ್ದು ಪಾರ್ಕಿನ್ಸನ್ ಕಾಯಿಲೆ.

ಪಾರ್ಕಿನ್ಸನ್ ಎಂದರೆ ನಡುಕ ಎಂದಷ್ಟೇ ನಮಗೆ ಗೊತ್ತು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದಾಗ ಕರೆದದ್ದೂ ‘ನಡುಗುವ ಪಾರ್ಶ್ವವಾಯು’ ಎಂದೇ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುವುದರಿಂದ ನಡುಕ, ನಿಧಾನಗತಿ ಬರುತ್ತವೆ. ಆದರೆ ಅವು ಕಾಣಿಸುವ ಹೊತ್ತಿಗೆ ಆ ಕೋಶಗಳಲ್ಲಿ ದೊಡ್ಡ ಪಾಲು ಹೋಗಿರುತ್ತದೆ. ಅನೇಕರಲ್ಲಿ ಎಷ್ಟೋ ವರ್ಷ ಮೊದಲೇ ವಾಸನೆ ಹೋಗುತ್ತದೆ, ಮಲಬದ್ಧತೆ ಕಾಡುತ್ತದೆ, ಮನಸ್ಸು ಕುಗ್ಗುತ್ತದೆ. ಕನಸು ಬೀಳುವಾಗ ಸಡಿಲವಾಗಿ ಬಿದ್ದಿರಬೇಕಾದ ಸ್ನಾಯುಗಳು ಎಚ್ಚರವಾಗಿದ್ದು, ಮನುಷ್ಯ ಕನಸಿನಲ್ಲಿದ್ದಂತೆಯೇ ಹೊಡೆದಾಡುತ್ತಾನೆ. ಇವುಗಳಲ್ಲಿ ಬಹಳ ಗಮನಿಸಬೇಕಾದ ಸೂಚನೆ ಇದೇ.

ಹಾಗೆಂದು ಹೆದರಬೇಕಿಲ್ಲ. ವಾಸನೆ ನೆಗಡಿಗೂ ಹೋಗುತ್ತದೆ, ಮಲಬದ್ಧತೆ ಯಾರಿಗಿಲ್ಲ? ಆದರೆ ಇಂಥವು ಎರಡು ಮೂರು ಒಟ್ಟಿಗೆ ಬಂದು ಬಿಡದೆ ಉಳಿದರೆ ನರರೋಗ ತಜ್ಞರಿಗೆ ತೋರಿಸಬೇಕು.

“ವಾಸಿಯಾಗದ ಕಾಯಿಲೆ, ಬೇಗ ತಿಳಿದು ಏನು ಪ್ರಯೋಜನ?” ಎಂದು ಮಾಮ ಕೇಳಿದರು. ಪೂರ್ತಿ ವಾಸಿಯಾಗುವುದಿಲ್ಲ, ನಿಜ. ಆದರೆ ಮಲಬದ್ಧತೆಗೆ, ಖಿನ್ನತೆಗೆ ಚಿಕಿತ್ಸೆಯಿದೆ. ವ್ಯಾಯಾಮದಿಂದ ಅನುಕೂಲವಿದೆ. ನಿದ್ದೆಯಲ್ಲಿ ಮಂಚದಿಂದ ಬೀಳದಂತೆ ನೋಡಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಾವು ನಗುತ್ತಿರಲಿಲ್ಲ.

ಇದು ಮುದುಕರ ಕಾಯಿಲೆ ಮಾತ್ರವೂ ಅಲ್ಲ. ಬಾಕ್ಸರ್ ಮುಹಮ್ಮದ್ ಅಲಿಗೆ 1984ರಲ್ಲಿ ಪತ್ತೆಯಾದಾಗ ಅವರಿಗೆ 42 ವರ್ಷ. ಪ್ಯಾರಾಕ್ವಾಟ್‌ನಂಥ ಕೆಲವು ಕಳೆನಾಶಕ, ಕೀಟನಾಶಕಗಳಿಗೂ ಈ ಕಾಯಿಲೆಗೂ ನಂಟಿದೆ ಎಂದು ಸಂಶೋಧನೆಗಳು ಹೇಳುತ್ತವೆ. ಸಿರುಗುಪ್ಪದ ಭತ್ತದ ಗದ್ದೆ, ಕುರುಗೋಡಿನ ಮೆಣಸಿನಕಾಯಿ ಹೊಲಗಳಿಂದ ಬರುವ ಗೆಳೆಯರೇ, ಮನೆಯಲ್ಲಿ ಔಷಧಿ ಹೊಡೆಯುವವರು ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಾರೆಯೇ ನೋಡಿ.

ಏಪ್ರಿಲ್ 11 ವಿಶ್ವ ಪಾರ್ಕಿನ್ಸನ್ ದಿನ. ಅಲ್ಲಿಯವರೆಗೆ ಕಾಯಬೇಡಿ. ಇಂದು ಮನೆಗೆ ಹೋದಾಗ ಹಿರಿಯರ ಪಕ್ಕ ಹತ್ತು ನಿಮಿಷ ಕೂತು ಕೇಳಿ: ನಿದ್ದೆ ಹೇಗಿದೆ? ಚಹಾದ ವಾಸನೆ ಬರುತ್ತಿದೆಯೇ?