ಪಿರಮಿಡ್ಡುಗಳಲ್ಲಿ ನಾವು ಹುಡುಕುವುದು ಯಾರನ್ನು?

ನಮ್ಮ ಮನೆಗಳಲ್ಲಿ ಹಟಮಾರಿ ಹುಡುಗರಿಗೆ ಅಜ್ಜಿಯಂದಿರು ಕೊಡುತ್ತಿದ್ದ ಬಿರುದು 'ಫಿರ್‌ಔನ್'. ಕೈಯಲ್ಲಿ ಕಾಸಿಲ್ಲದೆಯೂ ದರ್ಪ ತೋರುವವನಿಗೆ ಉರ್ದುವಿನಲ್ಲಿ 'ಫಿರ್‌ಔನ್-ಎ-ಬೇಸಾಮಾನ್' ಎನ್ನುತ್ತಾರೆ. ಬೆಳಿಗ್ಗೆ ಮದ್ರಸದಲ್ಲಿ ಪ್ರವಾದಿ ಮೂಸಾ(ಅ)ರ ಕತೆ ಕೇಳಿ, ಮಧ್ಯಾಹ್ನ ಕನ್ನಡ ಶಾಲೆಯಲ್ಲಿ ಈಜಿಪ್ಟ್ ನೈಲ್ ನದಿಯ ವರದಾನವೆಂದು ಬಾಯಿಪಾಠ ಮಾಡಿದವರು ನಾವು. ಒಂದೇ ನೆಲ ಬೆಳಿಗ್ಗೆ ದಬ್ಬಾಳಿಕೆಯ ಹೆಸರು, ಮಧ್ಯಾಹ್ನ ನಾಗರಿಕತೆಯ ತೊಟ್ಟಿಲು. ಎರಡೂ ನಿಜವೆಂದು ಮೌಲವಿಯೂ ಹೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ.

ಪ್ರಾಚೀನ ಈಜಿಪ್ಟಿನ ಸೆಳೆತಕ್ಕೆ ಕಾರಣ ಕೇಳಿದರೆ ಎಲ್ಲರೂ 'ಅದರ ರಹಸ್ಯ' ಎನ್ನುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ಅಲ್ಲಿಗೆ ತನ್ನದೊಂದು ಗಾಯವನ್ನೋ ಆಸೆಯನ್ನೋ ಹೊತ್ತುಕೊಂಡೇ ಹೋಗುತ್ತಾನೆ. 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದ ತುತಾಂಖಾಮುನ್‌ನ ಗೋರಿಯೆಂದರೆ ಹತ್ತು ಕಿಲೋ ಮೀರಿದ ಚಿನ್ನದ ಮುಖವಾಡವೇ ನೆನಪಾಗುತ್ತದೆ. ಅದೇ ಗೋರಿಯಲ್ಲಿ ಜಗತ್ತನ್ನು ಕಾಣುವ ಮೊದಲೇ ತೀರಿಕೊಂಡ ಎರಡು ಶಿಶುಗಳ ಪುಟ್ಟ ಪೆಟ್ಟಿಗೆಗಳೂ ಇದ್ದವು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಇದನ್ನು ಓದಿದರೆ ಅವಳಿಗೆ ಚಿನ್ನ ಕಾಣುವುದಿಲ್ಲ. ಆ ಕಾಲದ ಸಾಮಾನ್ಯರು ಸತ್ತ ಹೆಂಡತಿಗೆ, ತಂದೆತಾಯಿಗೆ ಪತ್ರ ಬರೆಯುತ್ತಿದ್ದರು. ಕೆಲವನ್ನು ಗೋರಿಯ ಬಳಿ ಆಹಾರವಿಡುವ ಬಟ್ಟಲುಗಳ ಮೇಲೆಯೇ ಬರೆದರು. ಅವರ ನಂಬಿಕೆ ನಮ್ಮದಲ್ಲ. ಆದರೆ ತೀರಿಹೋದವರೊಡನೆ ಮುಗಿಯದೆ ಉಳಿದ ಮಾತು ಯಾವ ಮನೆಯಲ್ಲಿಲ್ಲ?

'ಅದೆಲ್ಲ ಜಾಹಿಲಿಯ್ಯತ್, ನಮಗೇಕೆ ಅದರ ಗೊಡವೆ?' ಎನ್ನುವ ಹಿರಿಯರಿದ್ದಾರೆ. ಅವರಿಗೊಂದು ಚರಿತ್ರೆ ನೆನಪಿಸಬೇಕಿದೆ. ಸುಲ್ತಾನ್ ಸಲಾಹುದ್ದೀನರ ಮಗ ಅಲ್ ಅಝೀಝ್ 1196ರಲ್ಲಿ ಗೀಝಾದ ಮೂರನೆಯ ಪಿರಮಿಡ್ಡನ್ನು ಕೆಡವಲು ಜನರನ್ನು ಹಚ್ಚಿದ. ತಿಂಗಳುಗಟ್ಟಲೆ ದುಡಿದರೂ ಒಂದು ಬದಿಗೆ ಗಾಯವಾಯಿತೇ ಹೊರತು ಪಿರಮಿಡ್ ಬೀಳಲಿಲ್ಲ. ಆ ಗಾಯ ಇಂದಿಗೂ ಇದೆ. ಇದನ್ನು ಬರೆದಿಟ್ಟವರು ಅಬ್ದುಲ್ಲತೀಫ್ ಅಲ್ ಬಗ್ದಾದಿ ಎಂಬ ಮುಸ್ಲಿಮ್ ವೈದ್ಯ. ಪುರಾತನರ ಕೌಶಲಕ್ಕೆ ಬೆರಗಾಗಿ, ಅವರ ಅವಶೇಷಗಳನ್ನು ಹಾಳುಗೆಡವುವವರನ್ನು ಅವರು ಖಂಡಿಸಿದರು. ಅದರಿಂದ ಅವರ ಈಮಾನಿಗೇನೂ ಕುಂದಾಗಲಿಲ್ಲ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿಯನ್ನು ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆಯುತ್ತದೆ. ಕಣ್ಣು ಮುಚ್ಚಿಕೊಂಡು ನೋಡುವುದು ಹೇಗೆ?

ಇನ್ನು ಕೆಲವರ ಉತ್ಸಾಹ ಇದಕ್ಕೆ ವಿರುದ್ಧ. ಗಾಜಿನ ಪೆಟ್ಟಿಗೆಯ ಮಮ್ಮಿಯೊಂದರ ಚಿತ್ರ ಹಂಚಿ, 'ಇವನೇ ಮುಳುಗಿದ ಫಿರ್‌ಔನ್, ಮೈಮೇಲೆ ಉಪ್ಪು ನೋಡಿ' ಎಂದು ಸಾರುತ್ತಾರೆ. ಹೆಣವನ್ನು ಕೆಡದಂತೆ ಒಣಗಿಸಲು ಈಜಿಪ್ಟಿನವರು ಬಳಸುತ್ತಿದ್ದುದೇ ನೇಟ್ರಾನ್ ಎಂಬ ಉಪ್ಪನ್ನು. ಹಾಗಾಗಿ ಉಪ್ಪಿದ್ದ ಮಾತ್ರಕ್ಕೆ ಮುಳುಗಿದ್ದೆಂದು ಹೇಳಲಾಗದು. ಆ ದೊರೆಯ ಸ್ವಂತ ಹೆಸರನ್ನು ಕುರ್‌ಆನ್ ಹೇಳಿಲ್ಲ. ಹೇಳದಿರುವುದರಲ್ಲೇ ಪಾಠವಿದೆ: ಫಿರ್‌ಔನ್‌ನನ್ನು ಒಂದು ಹೆಣಕ್ಕೆ ಕಟ್ಟಿಹಾಕಿದರೆ ಬದುಕಿರುವ ಫಿರ್‌ಔನ್‌ಗಳು ನಿರಾಳರಾಗುತ್ತಾರೆ, ನಮ್ಮೊಳಗಿನವನೂ ಸೇರಿ.

ಮೂರನೆಯವರು ಪೂರ್ವಜನ್ಮದಲ್ಲಿ ಈಜಿಪ್ಟಿನಲ್ಲಿದ್ದೆವೆನ್ನುವವರು. ಅವರಲ್ಲಿ ಎಲ್ಲರೂ ರಾಣಿಯರು, ಪುರೋಹಿತರು. ಕಲ್ಲು ಹೊತ್ತವನು ಒಬ್ಬನೂ ಇಲ್ಲ! ಪಿರಮಿಡ್ಡುಗಳನ್ನು ಅನ್ಯಗ್ರಹದವರು ಕಟ್ಟಿದರೆನ್ನುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ದುಡಿದವನ ಕೈಯನ್ನೇ ಅಳಿಸಿಬಿಡುತ್ತಾರೆ. ಆದರೆ 1990ರಲ್ಲಿ ಗೀಝಾದಲ್ಲಿ ಆ ಕೆಲಸಗಾರರ ಗೋರಿಗಳು ಸಿಕ್ಕಿದವು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಸಿಕ್ಕಿತು: ಖುಫುವಿನ ಪಿರಮಿಡ್ಡಿಗೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಿಸಿದ ಲೆಕ್ಕ.

ನಮ್ಮ ಸೆಳೆತಕ್ಕೂ ಒಂದು ಕಾರಣವಿದೆ. ಅದನ್ನು ಬಚ್ಚಿಟ್ಟು ಇತರರನ್ನು ಟೀಕಿಸುವುದು ಸರಿಯಲ್ಲ. ನಮ್ಮ ತಾಯಿ ಬೀಡಿ ಕಟ್ಟುತ್ತಿದ್ದರು. ಎಲೆ ಸರಿಯಿಲ್ಲ, ಕಟ್ಟು ಸಡಿಲ ಎಂದು ಬ್ರಾಂಚಿನವರು ಒಂದು ಪಾಲನ್ನು ತೆಗೆದಿಟ್ಟುಕೊಂಡು ಮಜೂರಿಯನ್ನು 'ಮುಂದಿನ ವಾರ' ಎಂದಾಗ ತಾಯಿ ಏನೂ ಹೇಳದೆ ಖಾಲಿ ಚೀಲ ಮಡಚಿಕೊಂಡು ಬರುತ್ತಿದ್ದರು. ಎಷ್ಟೋ ವರ್ಷಗಳ ನಂತರ, ದೊರೆಗಳ ಗೋರಿ ಕೊರೆಯುತ್ತಿದ್ದ ದೇರ್ ಅಲ್ ಮದೀನಾದ ಕುಶಲಕರ್ಮಿಗಳ ಬಗ್ಗೆ ಓದಿದೆವು. 3ನೆಯ ರಾಮ್ಸೆಸ್‌ನ ಆಳ್ವಿಕೆಯ 29ನೆಯ ವರ್ಷ, ಕ್ರಿ.ಪೂ. 1150ರ ಆಸುಪಾಸು, ಕೂಲಿಯ ಧಾನ್ಯ ಬಾರದಾದಾಗ ಅವರು ಕೆಲಸ ಬಿಟ್ಟೆದ್ದು ದೇವಾಲಯದ ಹಿಂದೆ ಹೋಗಿ ಕುಳಿತರು. ಹಸಿವು, ಬಾಯಾರಿಕೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ ಎಂದು ಅಧಿಕಾರಿಗಳ ಮುಖಕ್ಕೇ ಹೇಳಿದರು. ಬರಹದಲ್ಲಿ ಉಳಿದಿರುವ ಮುಷ್ಕರಗಳಲ್ಲಿ ಇದೇ ಮೊದಲನೆಯದೆನ್ನುತ್ತಾರೆ. ಆ ದಾಖಲೆ ಇಟಲಿಯ ಟ್ಯೂರಿನ್‌ನಲ್ಲಿದೆ. ಅದನ್ನೋದಿದ ರಾತ್ರಿ ತಾಯಿಯ ಮಡಚಿದ ಚೀಲ ಕಣ್ಣ ಮುಂದೆ ಬಂತು. ಅವರು ಆಡದ ಮಾತನ್ನು ಮೂರು ಸಾವಿರ ವರ್ಷಗಳ ಹಿಂದೆ ಯಾರೋ ಆಡಿದ್ದರು.

2011ರ ಜನವರಿಯಲ್ಲಿ ಕೈರೋದ ಜನ ತಮ್ಮ ಅಧ್ಯಕ್ಷನನ್ನು ಫಿರ್‌ಔನ್ ಎಂದು ಕರೆದು ತಹ್ರೀರ್ ಚೌಕದಲ್ಲಿ ಸೇರಿದರು. ಲೂಟಿಕೋರರು ಪಕ್ಕದ ಮ್ಯೂಸಿಯಮ್ಮಿಗೆ ನುಗ್ಗಿದಾಗ ಅದೇ ಜನರಲ್ಲಿ ಹಲವರು ಕೈಕೈ ಹಿಡಿದು ಅದಕ್ಕೆ ಬೇಲಿಯಾಗಿ ನಿಂತರು. ಫಿರ್‌ಔನ್‌ನ ದರ್ಪವನ್ನು ಧಿಕ್ಕರಿಸಿ, ಅವನ ಕಾಲದ ಕೈಗಳು ಮಾಡಿದ್ದನ್ನು ಕಾಯಬಹುದೆಂದು ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ.

2025ರ ನವೆಂಬರಿನಲ್ಲಿ ಗೀಝಾದ ಬಳಿ ಭವ್ಯವಾದ ಹೊಸ ಮ್ಯೂಸಿಯಮ್ ವಿಧ್ಯುಕ್ತವಾಗಿ ತೆರೆಯಿತು. ಹೋಗಬಲ್ಲವರು ಹೋಗಿ ಬರಲಿ. ಆದರೆ ಚಿನ್ನದ ಮುಖವಾಡದ ಮುಂದೆ ನಿಂತಾಗ, ಅದನ್ನು ಬಡಿದು ರೂಪಿಸಿದವನಿಗೆ ಆ ತಿಂಗಳ ಧಾನ್ಯ ಸಿಕ್ಕಿತ್ತೇ ಎಂದು ಒಮ್ಮೆ ಕೇಳಿಕೊಳ್ಳಲಿ. ಮರಳಿ ಬಂದ ಮೇಲೆ, ತಮ್ಮ ಮನೆ ಕಟ್ಟಿದ ಗಾರೆಯವನ ಬಾಕಿಯನ್ನೂ ನೆನಪಿಸಿಕೊಳ್ಳಲಿ.