ತಟ್ಟೆಯ ಬೆನ್ನಿನ ಮುದ್ರೆ

ರಷ್ಯದ ಸಾಮ್ರಾಜ್ಞಿ ಎಲಿಜಬೆತ್ 1744ರಲ್ಲಿ ಸ್ಥಾಪಿಸಿದ ಪಿಂಗಾಣಿ ಕಾರ್ಖಾನೆ ಕ್ರಾಂತಿಯ ತರುವಾಯ ಸರ್ಕಾರದ ಸ್ವತ್ತಾಯಿತು. ರಾಷ್ಟ್ರೀಕರಣವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಒಡೆತನದ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತವೆ. ಇಲ್ಲಿ ಗಮನಿಸಬೇಕಾದದ್ದು, ಸರ್ಕಾರದ ಯಾವ ಖಾತೆ ಅದನ್ನು ನಡೆಸಿತೆಂಬುದು. 1918ರಲ್ಲಿ ಬೊಲ್ಶೆವಿಕರು ಅದನ್ನು ಲುನಚಾರ್ಸ್ಕಿಯ ಶಿಕ್ಷಣ ಖಾತೆಗೆ ಒಪ್ಪಿಸಿದರು. ಕಲಾವಿದ ಸೆರ್ಗೆಯ್ ಚೆಖೋನಿನ್ ಚಿತ್ರಣದ ಹೊಣೆ ಹೊತ್ತನು; 1923ರಲ್ಲಿ ಮಲೆವಿಚ್ ಅಲ್ಲಿಗಾಗಿ ಚಹಾದ ಹೂಜಿಯೊಂದನ್ನು ರೂಪಿಸಿದನು. ಅದು ಚಹಾ ಸುರಿಯಲು ತಕ್ಕುದಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ! ಆದರೂ ತಟ್ಟೆಗಳ ಎಣಿಕೆಯನ್ನಷ್ಟೇ ಕೇಳುವ ಕೈಗಾರಿಕಾ ಖಾತೆಯಿಂದ ಅಂಥದೊಂದು ಹೂಜಿ ಹುಟ್ಟುತ್ತಿರಲಿಲ್ಲ.

ಉಗ್ರಾಣದಲ್ಲಿ ಚಿತ್ರ ಬರೆಯದ ಬಿಳಿಯ ತಟ್ಟೆಗಳು ಉಳಿದಿದ್ದವು. ಅವುಗಳ ಬೆನ್ನಿನ ಮೇಲೆ ಚಕ್ರವರ್ತಿಯ ಅಂಕಿತ. ಅದನ್ನು ಬಣ್ಣದಿಂದ ಮುಚ್ಚಿ, ಸುತ್ತಿಗೆ, ಕುಡುಗೋಲು, ಹಲ್ಲುಚಕ್ರಗಳ ಹೊಸ ಮುದ್ರೆಯನ್ನು ಹಾಕಲಾಯಿತು. ಹಳೆಯ ಬರೆಹವನ್ನು ಕೆರೆದು ಹೊಸದನ್ನು ಕಂಡರಿಸಿದ ಶಾಸನಗಳನ್ನು ಬಲ್ಲವರಿಗೆ ಇದು ಅಪರಿಚಿತ ರೀತಿಯಲ್ಲ.

ಮುಂಬದಿಯಲ್ಲಿ ಘೋಷಣೆಗಳು. ಮಿಖಾಯಿಲ್ ಆಡಮೋವಿಚ್ 1921ರಲ್ಲಿ ರಚಿಸಿದ ತಟ್ಟೆಯಲ್ಲಿ ಲೆನಿನ್ನನ ಮುಖವಿದೆ, ಪಡಿತರ ಚೀಟಿಗಳಿವೆ, ದುಡಿಯದವನಿಗೆ ಊಟವಿಲ್ಲವೆಂಬ ಮಾತಿದೆ. ಅದೇ ವರ್ಷ ವೋಲ್ಗಾ ತೀರದಲ್ಲಿ ಭೀಕರ ಕ್ಷಾಮ, ದುಡಿದವನಿಗೂ ಊಟವಿರಲಿಲ್ಲ. ಇಂಥ ತಟ್ಟೆಗಳು ಕಾರ್ಮಿಕರ ಮನೆಗಳನ್ನು ಸೇರಲಿಲ್ಲ. ಪ್ರದರ್ಶನಗಳಿಗೆ ಹೋದವು, ವಿದೇಶದ ಸಂಗ್ರಾಹಕರ ಕಪಾಟುಗಳನ್ನು ಸೇರಿದವು. ಶಿಕ್ಷಣ ಖಾತೆ ಕಲೆಯನ್ನು ಉಳಿಸಿತು, ನಿಜ. ಯಾರ ಹೆಸರಿನಲ್ಲಿ ಕಾರ್ಖಾನೆಯನ್ನು ವಶಪಡಿಸಿಕೊಳ್ಳಲಾಯಿತೋ ಅವರ ಊಟದ ಮೇಜಿನವರೆಗೆ ಆ ಕಲೆಯನ್ನು ಒಯ್ಯಲಾರದೆ ಹೋಯಿತು.

1925ರಲ್ಲಿ ಕಾರ್ಖಾನೆಗೆ ವಿಜ್ಞಾನಿ ಲೊಮೊನೊಸೊವ್‌ನ ಹೆಸರಿಟ್ಟರು. 2005ರಲ್ಲಿ ಸಾಮ್ರಾಜ್ಯದ ಹಳೆಯ ಹೆಸರೇ ಮರಳಿ ಬಂದಿತು.